ಡಿ ಡ್ರೈವ್ ಎಲ್ಲಿ ಹೋಯ್ತು?

ಬಸವಕಲ್ಯಾಣ, ಹುಮನಾಬಾದ್‌ನ ಡಿಟಿಪಿ ಅಂಗಡಿಯವರೇ, ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ನಿಮ್ಮ ಡಿ ಡ್ರೈವ್ ಇ ಆಗಿದೆಯಾ? ಟ್ಯಾಲಿಗೆ ಡೇಟಾ ಸಿಗ್ತಿಲ್ವಾ? ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ! ಕಡತಗಳು ಅಲ್ಲೇ ಇವೆ, ಅಕ್ಷರ ಮಾತ್ರ ಬದಲಾಗಿದೆ. ಆ ಅಕ್ಷರಗಳ ಲೆಕ್ಕ ಇದ್ದದ್ದು ಹಳೆಯ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ. ಹೊಸ ವಿಂಡೋಸ್‌ಗೆ ಅದು ಗೊತ್ತಿಲ್ಲ. ಡಿ ಅನ್ನು ಡಿವಿಡಿಗೋ ಪೆನ್‌ಡ್ರೈವ್‌ಗೋ ಕೊಟ್ಟುಬಿಟ್ಟಿರುತ್ತೆ.

ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್. ಮೊದಲು ಡಿ ಹಿಡಿದಿರೋ ಡಿವಿಡಿಗೋ ಪೆನ್‌ಡ್ರೈವ್‌ಗೋ ಮುಂದೆ ಹೇಳಿರೋ ರೀತಿಯಲ್ಲೇ ಝಡ್ ಕೊಟ್ಟು, ಡಿ ಅಕ್ಷರ ಬಿಡಿಸಿಕೊಳ್ಳಿ. ಈಗ ನಿಮ್ಮ ಡೇಟಾ ಇರೋ ಭಾಗದ ಮೇಲೆ ರೈಟ್ ಕ್ಲಿಕ್. 'ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್', ಚೇಂಜ್, ಡಿ, ಓಕೆ. ಒಮ್ಮೆ ರೀಸ್ಟಾರ್ಟ್ ಮಾಡಿ, ಟ್ಯಾಲಿ ತೆರೆಯಿರಿ.

ವಿಂಡೋಸ್ ಕೂತಿರೋ ಸಿ ಡ್ರೈವ್ ಮಾತ್ರ ಮುಟ್ಟಬೇಡಿ. 'ಸಿಸ್ಟಮ್ ರಿಸರ್ವ್ಡ್' ಅನ್ನೋ ಪುಟ್ಟ ಭಾಗಕ್ಕೂ ಅಕ್ಷರ ಬಂದಿದ್ದರೆ, ಆ ಅಕ್ಷರವನ್ನಷ್ಟೇ ರಿಮೂವ್ ಮಾಡಿ; ಭಾಗವನ್ನು ಡಿಲೀಟ್ ಮಾಡಬೇಡಿ.