ದನಕ್ಕೆ ಹಾರಿಸುವ ಸೂಜಿಗೆ ಎಷ್ಟು ವೇಗ ಬೇಕು?

ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ. ಸಂಶೋಧನಾ ಕೇಂದ್ರದ ಕಾಗದದಲ್ಲಿ ಅದು 2.7 ಮೀಟರ್, ಪುತ್ತೂರು, ಸುಳ್ಯ, ಕಡಬದ ಕೃಷಿಕರಿಗೆ ಅದು ಕಣ್ಣಳತೆ. ಹತ್ತು ಮರಗಳ ಒಂದು ಸಾಲೆಂದರೆ ಸುಮಾರು 24 ಮೀಟರ್. ಹಗ್ಗ ಹರಿದುಕೊಂಡು ಓಡಿದ ಹೋರಿಯೊಂದು ಆ ಸಾಲಿನ ಕೊನೆಯಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ಈಚೆ ತುದಿಯಲ್ಲಿ ನಿಂತವರಿಗೆ ಅದರ ಒಂದು ಕಿವಿಯೋ ಬಾಲವೋ ಕಂಡರೆ ಹೆಚ್ಚು. ನಡುವೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ, ಬಾಳೆ ಎಲೆ, ಕೊಕ್ಕೋ ಗಿಡದ ಗೆಲ್ಲು. ದನಗಳಿಗೆ ದೂರದಿಂದ ಮದ್ದು ಹಾರಿಸುವ ಡಾರ್ಟ್ ಗನ್ ಆರಿಸುವ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ದೂರ ಹೋಗುತ್ತದೆ?’ ಎಂದು. ಐವತ್ತು ಮೀಟರ್ ಹಾರಿಸುವ ಬಂದೂಕುಗಳಿವೆ. ಆದರೆ ನಮ್ಮ ತೋಟಗಳಲ್ಲಿ ಗುರಿ ನೇರ ಕಾಣುವುದು ಹದಿನೈದು ಮೀಟರಿನೊಳಗೆ ಮಾತ್ರ. ಹಾಗಾಗಿ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕಾಗುತ್ತದೆ: ಈ ಬಂದೂಕು ಸೂಜಿಯನ್ನು ಎಷ್ಟು ಮೆಲ್ಲಗೆ ಎಸೆಯಬಲ್ಲದು?

ಡಾರ್ಟ್ ಗನ್ ಎಂದೊಡನೆ ಇಲ್ಲಿಯವರ ಕಣ್ಣಿಗೆ ಬರುವುದು ಆನೆ. ಅದಕ್ಕೆ ಕಾರಣವೂ ಇದೆ. 2023ರ ಫೆಬ್ರವರಿ 20ರ ಬೆಳಿಗ್ಗೆ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯೊಂದು ಇಬ್ಬರನ್ನು ಕೊಂದಿತು. ಅವರಲ್ಲಿ ಒಬ್ಬಾಕೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟವರು. ಅದೇ ವಾರ ಸಾಕಾನೆಗಳನ್ನು ತರಿಸಿ, ಅರಿವಳಿಕೆ ಮದ್ದು ಹೊಡೆದು ಒಂದು ಆನೆಯನ್ನು ಹಿಡಿದರು. 1971ರಲ್ಲಿ ಕಾಕನಕೋಟೆಯ ಕೊನೆಯ ಖೆಡ್ಡಾ ಮುಗಿದ ಮೇಲೆ ಕರ್ನಾಟಕದಲ್ಲಿ ಆನೆ ಹಿಡಿಯುವ ಮುಖ್ಯ ದಾರಿ ಇದೇ ಆಗಿದೆ. ಪುತ್ತೂರಿನಲ್ಲೇ ಹುಟ್ಟಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಲು ಸಾಧ್ಯವಾದದ್ದೂ ಹೀಗೆ ಮದ್ದು ಹಾರಿಸುವ ವಿದ್ಯೆಯಿಂದ. ಇವನ್ನೆಲ್ಲ ನೋಡಿದವರು, ಆನೆಯನ್ನೇ ಮಲಗಿಸುವ ಬಂದೂಕಿಗೆ ದನ ಯಾವ ಲೆಕ್ಕ ಎಂದುಕೊಳ್ಳುವುದು ಸಹಜ. ಆದರೆ ಲೆಕ್ಕ ತಪ್ಪುವುದು ಅಲ್ಲೇ. ಆನೆಗೆ ಬಳಸುವ ಸೂಜಿ ಆರು ಸೆಂಟಿಮೀಟರಿನಷ್ಟು ಉದ್ದ. ದಪ್ಪ ಚರ್ಮ ದಾಟಿ ಮಾಂಸಖಂಡ ತಲುಪಲು ಅಷ್ಟು ಬೇಕು. ನೂರಿಪ್ಪತ್ತು ಕಿಲೋ ತೂಗುವ ಮಲೆನಾಡು ಗಿಡ್ಡದ ತೊಡೆಗೆ ಅದೇ ಸೂಜಿ ಬಿದ್ದರೆ ಮೂಳೆಗೇ ತಾಗುತ್ತದೆ.

ಹಾರಿ ಹೋಗುವ ಈ ಡಾರ್ಟ್ ನಿಜಕ್ಕೂ ಒಂದು ಸಿರಿಂಜು. ನ್ಯೂಜಿಲೆಂಡಿನ ಟಿಮರು ಊರಿನ ಔಷಧ ತಜ್ಞ ಕಾಲಿನ್ ಮರ್ಡಾಕ್ 1950ರ ದಶಕದಲ್ಲಿ ಇಂಥ ಬಂದೂಕನ್ನು ರೂಪಿಸಿದ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜಿನ ಹಿಂದಿರುವವನೂ ಅವನೇ. ಇಂದು ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಡಾರ್ಟನ್ನು ಕೈಯಲ್ಲಿ ಹಿಡಿದು ನೋಡಿದರೆ ಒಳಗೆ ಎರಡು ಕೋಣೆಗಳು ಕಾಣುತ್ತವೆ. ಮುಂದಿನದರಲ್ಲಿ ಮದ್ದು, ಹಿಂದಿನದರಲ್ಲಿ ಒತ್ತಿ ತುಂಬಿದ ಗಾಳಿ, ನಡುವೆ ಜಾರುವ ರಬ್ಬರ್ ಬಿರಡೆ. ಸೂಜಿಯ ತುದಿ ಮುಚ್ಚಿರುತ್ತದೆ, ತೂತು ಇರುವುದು ಪಕ್ಕದಲ್ಲಿ. ಆ ತೂತನ್ನು ಸಿಲಿಕೋನಿನ ಪುಟ್ಟ ತೋಳೊಂದು ಮುಚ್ಚಿರುತ್ತದೆ. ಸೂಜಿ ಚರ್ಮದೊಳಗೆ ಇಳಿಯುವಾಗ ಚರ್ಮವೇ ಆ ತೋಳನ್ನು ಹಿಂದಕ್ಕೆ ಸರಿಸುತ್ತದೆ. ತೂತು ತೆರೆದುಕೊಳ್ಳುತ್ತದೆ, ಗಾಳಿ ಬಿರಡೆಯನ್ನು ತಳ್ಳುತ್ತದೆ, ಮದ್ದು ಒಳಗೆ ಹೋಗುತ್ತದೆ. ಹಿಂಬದಿಗೆ ಕಟ್ಟಿದ ಬಣ್ಣದ ಕುಚ್ಚು ಹಾರುವಾಗ ಡಾರ್ಟ್ ಪಲ್ಟಿಯಾಗದಂತೆ ಕಾಯುತ್ತದೆ. ಇನ್ನೊಂದು ಬಗೆಯದರಲ್ಲಿ ಗಾಳಿಯ ಬದಲು ಸಣ್ಣ ಸಿಡಿಮದ್ದಿನ ಗುಳಿಗೆ. ಡಾರ್ಟ್ ತಾಗಿದ ಕೂಡಲೇ ಅದು ಸಿಡಿದು ಮದ್ದನ್ನು ಒಮ್ಮೆಲೇ ನುಗ್ಗಿಸುತ್ತದೆ. ಭರವಸೆಯ ಕೆಲಸ ಹೌದು, ಆದರೆ ಹಾಗೆ ನುಗ್ಗಿದ ಮದ್ದು ಮಾಂಸಖಂಡವನ್ನು ಸೀಳುತ್ತದೆ. ಕೃಶ ದೇಹದ ಊರ ದನಕ್ಕೆ ಗಾಳಿಯ ಡಾರ್ಟೇ ಸೈ.

ಮೆಲ್ಲಗೆ ಎಸೆಯಬೇಕು ಎನ್ನುವುದಕ್ಕೆ ಶಾಲೆಯಲ್ಲಿ ಕಲಿತ ಒಂದು ಸೂತ್ರ ಸಾಕು. ಚಲಿಸುವ ವಸ್ತುವಿನ ಶಕ್ತಿ ಅದರ ತೂಕದೊಂದಿಗೆ ನೇರವಾಗಿ ಏರುತ್ತದೆ, ವೇಗದೊಂದಿಗೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮದ್ದು ತುಂಬಿದ ಹತ್ತು ಗ್ರಾಂ ಡಾರ್ಟ್ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ತಾಗಿದರೆ ಅದರ ಶಕ್ತಿ ನಾಲ್ಕೂವರೆ ಜೂಲ್. ಅದೇ ಡಾರ್ಟ್ 60 ಮೀಟರ್ ವೇಗದಲ್ಲಿ ತಾಗಿದರೆ 18 ಜೂಲ್. ವೇಗ ಎರಡು ಪಾಲು, ಹೊಡೆತ ನಾಲ್ಕು ಪಾಲು. ಸೂಜಿ ಒಳಹೋಗಲು ಬೇಕಾದಷ್ಟು ಶಕ್ತಿ ಸೂಜಿಗೆ ಸಾಕು. ಅದಕ್ಕಿಂತ ಹೆಚ್ಚಿನದೆಲ್ಲ ದನದ ಮಾಂಸ, ರಕ್ತನಾಳ, ಮೂಳೆಗೆ ಹೋಗುತ್ತದೆ, ಇಲ್ಲವೇ ಡಾರ್ಟನ್ನು ಪುಟಿದು ಬೀಳಿಸಿ ಮದ್ದು ಪೋಲು ಮಾಡುತ್ತದೆ. ಹತ್ತಿರದಿಂದ ಹೊಡೆಯುವಾಗ ಅಪಾಯ ಇನ್ನೂ ಹೆಚ್ಚು, ಏಕೆಂದರೆ ದಾರಿಯಲ್ಲಿ ಗಾಳಿ ತಡೆದು ವೇಗ ಇಳಿಸುವುದಕ್ಕೆ ದೂರವೇ ಇರುವುದಿಲ್ಲ. ದೂರಕ್ಕೆಂದು ಮಾಡಿದ ಬಂದೂಕು ತೋಟದೊಳಗೆ ಎಂಟು ಮೀಟರಿನಿಂದ ಹೊಡೆಯುವಾಗ ಅತಿ ಕ್ರೂರವಾಗುವುದು ಇದರಿಂದ.

ಹಾಗಾದರೆ ಬಂದೂಕಿನಲ್ಲಿ ನೋಡಬೇಕಾದದ್ದು ಒತ್ತಡ ತೋರಿಸುವ ಗಡಿಯಾರ, ಮತ್ತು ಆ ಒತ್ತಡವನ್ನು ದೂರಕ್ಕೆ ತಕ್ಕಂತೆ ಇಳಿಸಿ ಏರಿಸುವ ತಿರುಪು. ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ನಡೆಯುವ ಬಂದೂಕುಗಳಲ್ಲಿ ಇದು ಸಿಗುತ್ತದೆ. ಸಿಡಿಮದ್ದಿನ ತೋಟೆ ಹಾಕುವ ಎಷ್ಟೋ ಬಂದೂಕುಗಳಲ್ಲಿ ಇಷ್ಟು ನಯವಾಗಿ ಸಿಗುವುದಿಲ್ಲ. ಕರಾವಳಿಯ ಸೆಕೆಗೂ ಈ ಗಡಿಯಾರಕ್ಕೂ ಸಂಬಂಧವಿದೆ. ಸಿಲಿಂಡರಿನಲ್ಲಿ ದ್ರವವಾಗಿರುವ ಕಾರ್ಬನ್ ಡೈಆಕ್ಸೈಡಿನ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ ಸುಮಾರು 72 ಬಾರ್. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯುವುದೇ ಇಲ್ಲ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಜೀಪಿನೊಳಗಿಂದ ತೆಗೆದ ಸಿಲಿಂಡರೂ ಜುಲೈ ಮಳೆಯಲ್ಲಿ ತೊಯ್ದ ಸಿಲಿಂಡರೂ ಒಂದೇ ಬಲ ಕೊಡುವುದಿಲ್ಲ. ನಿಯಂತ್ರಕವಿಲ್ಲದ ಬಂದೂಕು ಹಿಡಿದವರು ಋತು ಬದಲಾದಂತೆ ಬೇರೆ ಬೇರೆ ಬಂದೂಕು ಹಿಡಿದ ಹಾಗೆ. ದೂರದ ಅಂದಾಜು ತಪ್ಪಿದರೂ ಹೀಗೆಯೇ. ಸೆಕೆಂಡಿಗೆ 50 ಮೀಟರಿನಲ್ಲಿ ಹೊರಟ ಡಾರ್ಟ್ 10 ಮೀಟರ್ ಹೋಗುವಷ್ಟರಲ್ಲಿ 20 ಸೆಂಟಿಮೀಟರ್ ಕೆಳಗಿಳಿಯುತ್ತದೆ. 20 ಮೀಟರ್ ಹೋಗುವಷ್ಟರಲ್ಲಿ ಸುಮಾರು 80 ಸೆಂಟಿಮೀಟರ್. ಗಿಡ್ಡ ತಳಿಯ ದನದ ಎತ್ತರವೇ ಒಂದು ಮೀಟರ್ ಮುಟ್ಟುವುದಿಲ್ಲ. ಇಂಥಲ್ಲಿ ಒಂಬತ್ತಡಿಯ ಅಡಿಕೆ ಸಾಲು ಒಳ್ಳೆಯ ಅಳತೆಗೋಲು. ಮರ ಎಣಿಸಿ, ಗಡಿಯಾರ ಹೊಂದಿಸಿ, ಆಮೇಲೆ ಗುರಿ ಹಿಡಿಯಬೇಕು.

ಇಷ್ಟೆಲ್ಲ ಸರಿಮಾಡಿಕೊಂಡರೂ ದೊಡ್ಡ ಮಿತಿ ಉಳಿದೇ ಇದೆ, ಅದು ಮದ್ದಿನ ಪ್ರಮಾಣ. ಪಶುವೈದ್ಯರು ಬಹಳ ಬಳಸುವ ದೀರ್ಘಕಾಲದ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದನ್ನು ನೋಡಿ. ಹತ್ತು ಕಿಲೋ ತೂಕಕ್ಕೆ ಒಂದು ಮಿಲಿಲೀಟರ್ ಲೆಕ್ಕ. ನಾನೂರು ಕಿಲೋದ ಮಿಶ್ರತಳಿ ಹಸುವಿಗೆ 40 ಮಿಲಿಲೀಟರ್ ಬೇಕು. ಡಾರ್ಟಿನಲ್ಲಿ ಹಿಡಿಯುವುದು ಸಾಮಾನ್ಯವಾಗಿ 3, 5, ಹೆಚ್ಚೆಂದರೆ 10 ಮಿಲಿಲೀಟರ್. ಅಂದರೆ ಜ್ವರದಲ್ಲಿ ನಿಂತ ಹಸುವಿಗೆ ನಾಲ್ಕು ಸಲ ಹೊಡೆಯಬೇಕು, ನಾಲ್ಕೂ ಸರಿಯಾದ ಜಾಗಕ್ಕೆ ಬೀಳಬೇಕು, ನಾಲ್ಕರಲ್ಲೂ ಮದ್ದು ಪೂರ್ತಿ ಒಳಹೋಗಬೇಕು. ಮೊದಲ ಏಟಿಗೇ ಅದು ಗುಡ್ಡೆ ಹತ್ತಿರುತ್ತದೆ. ಅಮೆರಿಕದ ವಿಶಾಲ ಹುಲ್ಲುಗಾವಲುಗಳಲ್ಲಿ ಕುದುರೆ ಮೇಲಿಂದ ಡಾರ್ಟ್ ಹೊಡೆದು ಇಂಥ ಪ್ರತಿಜೀವಕ ಮದ್ದು ಕೊಡುವ ರೂಢಿ ಇದೆ. ಅಲ್ಲಿಯೂ ಎಷ್ಟು ಮದ್ದು ನಿಜಕ್ಕೂ ಒಳಸೇರಿತು, ಮಾಂಸಕ್ಕೆ ಎಷ್ಟು ಪೆಟ್ಟಾಯಿತು ಎಂಬ ಬಗ್ಗೆ ಪಶುವೈದ್ಯರ ತಕರಾರು ಇದೆ. ನಮ್ಮಲ್ಲಿ ಇನ್ನೊಂದು ಮಾತೂ ಸೇರುತ್ತದೆ: ಯಾವ ದನಕ್ಕೆ ಎಷ್ಟು ಮದ್ದು ಹೋಯಿತು ಎಂದು ಖಚಿತವಿಲ್ಲದಿದ್ದರೆ ಅದರ ಹಾಲನ್ನು ಎಷ್ಟು ದಿನ ಸೊಸೈಟಿಗೆ ಕೊಡಬಾರದು ಎಂದು ಹೇಳುವುದು ಹೇಗೆ? ತಾಗದೆ ಹೋದ ಡಾರ್ಟ್ ಬೀಳುವುದೂ ಅಡಿಕೆ ಹೆಕ್ಕುವವರು ಬರಿಗಾಲಲ್ಲಿ ನಡೆಯುವ ನೆಲಕ್ಕೆ.

ಡಾರ್ಟ್ ಗನ್ನಿಗೆ ದನಗಳ ಲೋಕದಲ್ಲಿ ಉಳಿಯುವ ಕೆಲಸ ಎಂದರೆ ಎರಡು: ಎರಡು ಮೂರು ಮಿಲಿಲೀಟರಿನಲ್ಲಿ ಮುಗಿಯುವ ಲಸಿಕೆ, ಮತ್ತು ಮಂಪರು ತರಿಸುವುದು. ಮಂಪರಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಇದಕ್ಕೆ ಬಳಸುವ ಝೈಲಜಿನ್ 1962ರಲ್ಲಿ ಜರ್ಮನಿಯ ಬಾಯರ್ ಕಂಪನಿ ತಯಾರಿಸಿದ ಮದ್ದು. ಒಂದೇ ತೂಕದ ಕುದುರೆಗೆ ಬೇಕಾದುದರ ಹತ್ತರಲ್ಲೊಂದು ಪಾಲು ಸಾಕು ದನಕ್ಕೆ; ಅಷ್ಟು ಸೂಕ್ಷ್ಮ. ಗಬ್ಬದ ಕೊನೆಯ ತಿಂಗಳುಗಳಲ್ಲಿದ್ದರೆ ಗರ್ಭಕೋಶ ಹಿಂಡಿ ಕರು ಕಳೆದುಕೊಳ್ಳುವ ಅಪಾಯವಿದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಹುಲ್ಲು ಸದಾ ಹುದುಗುತ್ತಿರುತ್ತದೆ, ಗಾಳಿ ಸದಾ ಹುಟ್ಟುತ್ತಿರುತ್ತದೆ. ಎಚ್ಚರವಿದ್ದಾಗ ಅದನ್ನು ತೇಗಿ ಹೊರಹಾಕುತ್ತದೆ. ಮಂಪರಿನಲ್ಲಿ ಪಕ್ಕಕ್ಕೆ ಬಿದ್ದರೆ ತೇಗು ನಿಲ್ಲುತ್ತದೆ, ಹೊಟ್ಟೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ, ಬಾಯಿಗೆ ಬಂದ ಮೇವು ಉಸಿರಿನ ಕೊಳವೆಗೆ ಇಳಿಯಬಹುದು. ಆದ್ದರಿಂದ ಬಿದ್ದ ದನವನ್ನು ಕೂಡಲೇ ಎದೆಯ ಮೇಲೆ ಕೂರಿಸಿ, ಕುತ್ತಿಗೆ ಎತ್ತರಿಸಿ, ಮೂತಿ ಕೆಳಗಿರುವಂತೆ ಹಿಡಿಯುವ ಜನ ಬೇಕು. ಇದೆಲ್ಲ ಮದ್ದು ತಾಗಿದ ಕ್ಷಣದಲ್ಲಿ ಆಗುವುದೂ ಅಲ್ಲ. ಹತ್ತು ಹದಿನೈದು ನಿಮಿಷ ಬೇಕು. ಬೆದರಿದ ಪ್ರಾಣಿಗೆ ಇನ್ನೂ ಹೆಚ್ಚು. ಸುಳ್ಯದ ಇಳಿಜಾರಿನ ತೋಟದಲ್ಲಿ ಅಷ್ಟು ಹೊತ್ತಿನಲ್ಲಿ ಅದು ಕಟ್ಟೆಯಿಲ್ಲದ ಬಾವಿಗೋ ಕೆರೆಗೋ ತೋಡಿಗೋ ಹೋಗಿ ಬೀಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇಷ್ಟು ಅಪಾಯವಿದ್ದರೆ ಡಾರ್ಟ್ ಗನ್ನೇ ಬೇಡ ಎನ್ನಬಾರದೇಕೆ ಎಂದು ಕೇಳಬಹುದು. ಹಟ್ಟಿಯಲ್ಲಿ ಕಟ್ಟಿದ ದನದ ಮಟ್ಟಿಗೆ ಉತ್ತರ ಅದೇ: ಬೇಡ. ಮೂಗುದಾರ, ಎರಡು ಹಗ್ಗ, ಪಶು ಆಸ್ಪತ್ರೆಯ ಅಂಗಳದಲ್ಲಿರುವ ಕಬ್ಬಿಣದ ಪೈಪಿನ ಕಟ್ಟುಗೂಡು, ಇವು ಯಾವ ಬಂದೂಕಿಗಿಂತಲೂ ಉತ್ತಮ. ಆದರೆ ಗುಡ್ಡೆಗೆ ಬಿಟ್ಟು ಮನೆಯ ರೂಢಿಯೇ ತಪ್ಪಿದ ದನಗಳಿವೆ, ಪೇಟೆಯ ಬೀಡಾಡಿ ದನಗಳಿವೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಕಟ್ಟಿದ ದನಗಳಿಗೆ ಲಸಿಕೆ ಹಾಕಿ, ಬಿಟ್ಟ ದನಗಳನ್ನು ಬಿಟ್ಟರೆ ಊರು ಪೂರ್ತಿ ಸುರಕ್ಷಿತವಾಗುವುದಿಲ್ಲ ಎಂಬುದು ಎಲ್ಲರಿಗೂ ಕಂಡ ಸತ್ಯ. ಹಟ್ಟಿಗಳಲ್ಲಿ ಈಗ ಹಿಡಿಯುವ ಕೈಗಳೂ ಕಡಿಮೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು. ಹಾಗಾಗಿ ಬಂದೂಕು ಬೇಕೆನ್ನುವವರ ಮಾತಿಗೂ ಬೆಲೆ ಕೊಡಲೇಬೇಕು. ಹುಚ್ಚು ಹಿಡಿದಂತೆ ಕಾಣುವ ದನದ ಬಳಿ ಬರಿಗೈಯಲ್ಲಿ ಹೋಗಿ ಎಂದು ಯಾವ ವೈದ್ಯರಿಗೂ ಹೇಳುವ ಹಕ್ಕು ನಮಗಿಲ್ಲ. ಆದರೆ ಇಂಥ ಬಹುಪಾಲು ಸಂದರ್ಭಗಳಿಗೆ ಬಂದೂಕಿಗಿಂತ ಮೊದಲು ಎರಡು ಸಾಧನಗಳಿವೆ: ಉದ್ದ ಕೋಲಿನ ತುದಿಗೆ ಕಟ್ಟಿದ ಸಿರಿಂಜು, ಮತ್ತು ಊದುಗೊಳವೆ. ಒಂದೂವರೆ ಎರಡು ಮೀಟರಿನ ನಳಿಗೆಗೆ ಹಗುರ ಡಾರ್ಟ್ ಹಾಕಿ ಬಾಯಿಂದ ಊದಿದರೆ ಎಂಟು ಹತ್ತು ಮೀಟರ್ ಸರಿಯಾಗಿ ಹೋಗುತ್ತದೆ. ಸದ್ದಿಲ್ಲ, ಪೆಟ್ಟು ಬಹಳ ಕಡಿಮೆ, ಲಸಿಕೆಯ ಪ್ರಮಾಣಕ್ಕೆ ಸರಿಹೊಂದುತ್ತದೆ. ತೋಟದ ಮರೆಯೇ ಇಲ್ಲಿ ವೈದ್ಯರಿಗೆ ಅನುಕೂಲ. ನಾಲ್ಕು ಮರದಾಚೆಯಿಂದ ಕೆಲಸ ಮುಗಿಯುತ್ತದೆ. ತೆರೆದ ರಬ್ಬರ್ ತೋಟದಲ್ಲಿ, ಗದ್ದೆ ಬಯಲಿನಲ್ಲಿ ಹದಿನೈದು ಮೀಟರಿಗಿಂತ ಹತ್ತಿರ ಬಿಡದ ಹೋರಿಗೆ ಮಾತ್ರ ಅನಿಲದ ಬಂದೂಕು.

ದೂರವಿದ್ದಷ್ಟೂ ಹಾರಿಸುವವರಿಗೆ ಕ್ಷೇಮ ಎಂಬ ವಾದವೂ ಇದೆ. ಆದರೆ 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ‘ಭೀಮ’ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲು ಮದ್ದು ಹಾರಿಸುವಾಗ ಆನೆ ವೆಂಕಟೇಶ್ ಎಂದೇ ಹೆಸರಾಗಿದ್ದ ಅನುಭವಿ ಗುರಿಕಾರರು ಅದೇ ಆನೆಯ ದಾಳಿಗೆ ಪ್ರಾಣ ತೆತ್ತರು. ನಾಡಿನ ಅತ್ಯಂತ ಪಳಗಿದ ಕೈ ಅದು. ಮದ್ದು ತಾಗುವುದಕ್ಕೂ ಏರುವುದಕ್ಕೂ ನಡುವಿನ ನಿಮಿಷಗಳಲ್ಲಿ ಪ್ರಾಣಿ ಪೂರ್ತಿ ಎಚ್ಚರವಿರುತ್ತದೆ, ನೋವಿನಿಂದ ಕೆರಳಿಯೂ ಇರುತ್ತದೆ. ಹೋರಿಗೂ ಇದೇ ಮಾತು. ಆ ನಿಮಿಷಗಳಲ್ಲಿ ಕಾಯುವುದು ಬೆನ್ನಿಗಿರುವ ಮರ, ಹತ್ತಿರ ನಿಂತ ಜೀಪು, ಬೇಲಿಯಾಚೆ ನಿಲ್ಲಿಸಿದ ಜನ. ಬಂದೂಕಿನ ಬೆಲೆ ಏರಿಸಿ ಆ ನಿಮಿಷಗಳನ್ನು ಕಡಿಮೆ ಮಾಡಲಾಗದು. ಅರಣ್ಯ ಇಲಾಖೆಯ ಬಂದೂಕನ್ನೇ ಎರವಲು ತರೋಣ ಎನ್ನುವವರಿಗೂ ಇದನ್ನೇ ಹೇಳಬೇಕು: ಆ ಸಾಧನವನ್ನು ದೊಡ್ಡ ಪ್ರಾಣಿಗೆ, ಉದ್ದ ಸೂಜಿಗೆ, ಹೆಚ್ಚು ಒತ್ತಡಕ್ಕೆ ಹೊಂದಿಸಿ ಇಟ್ಟಿರುತ್ತಾರೆ. ಆನೆಗೆ ಬಳಸುವ ಎಟಾರ್ಫಿನ್‌ನಂಥ ಮದ್ದು ತೊಟ್ಟಿನಷ್ಟು ಮನುಷ್ಯರ ರಕ್ತಕ್ಕೆ ಸೇರಿದರೂ ಪ್ರಾಣಕ್ಕೆ ಎರವು.

ನನ್ನ ತೀರ್ಮಾನ ಇಷ್ಟು. ಮೂರು ತಾಲ್ಲೂಕುಗಳ ಪ್ರತಿ ಪಶು ಆಸ್ಪತ್ರೆಗೂ ಒಂದೊಂದು ಊದುಗೊಳವೆ ಮತ್ತು ಕೋಲು ಸಿರಿಂಜು ಇರಲಿ, ಅವನ್ನು ಬಳಸುವ ತರಬೇತಿ ಇರಲಿ. ಮೂರಕ್ಕೂ ಸೇರಿ, ಒತ್ತಡ ಇಳಿಸಿ ಏರಿಸಬಲ್ಲ ಒಂದು ಅನಿಲದ ಬಂದೂಕು ಸಾಕು. ಅದರೊಂದಿಗೆ ಸಣ್ಣ ಸೂಜಿಗಳು, ಮಂಪರು ಇಳಿಸುವ ಯೊಹಿಂಬಿನ್‌ನಂಥ ಮರುಮದ್ದು ಒಂದೇ ಪೆಟ್ಟಿಗೆಯಲ್ಲಿರಲಿ. ಕೃಷಿಕರು ಸ್ವಂತಕ್ಕೆ ಇದನ್ನು ಕೊಳ್ಳುವುದು ಬೇಡ. ದನ ಸಾಕುವವರು ಮಾಡಬಹುದಾದ ಕೆಲಸ ಬೇರೆಯೇ ಇದೆ. ಮಂಪರಿನ ಮದ್ದು ತೂಕದ ಮೇಲೆ ನಿಂತಿದೆ; ಓಡಿಹೋದ ದನದ ತೂಕ ಅಂದಾಜಿಸುವುದು ವೈದ್ಯರಿಗೂ ಕಷ್ಟ. ಹಟ್ಟಿಯಲ್ಲಿ ಸಾಧುವಾಗಿ ನಿಂತಿರುವಾಗಲೇ ದರ್ಜಿಯ ಟೇಪು ಹಿಡಿದು ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಹಿಂಭಾಗದ ಚೂಪು ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಸಿಗುತ್ತದೆ. 47 ಇಂಚು ಸುತ್ತಳತೆ, 36 ಇಂಚು ಉದ್ದದ ಗಿಡ್ಡ ಹಸು 120 ಕಿಲೋ. ಆ ಸಂಖ್ಯೆಯನ್ನೂ ಗಬ್ಬ ಕಟ್ಟಿದ ತಾರೀಕನ್ನೂ ಹಟ್ಟಿಯ ಗೋಡೆಯ ಮೇಲೆ ಬರೆದಿಡಿ. ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಿದಾಗ ಮೊದಲು ಅವೆರಡನ್ನು ಹೇಳಿ.