ಎಣಿಕೆಗೆ ಸಿಕ್ಕವರು, ಸಿಗದವರು

2025ರ ಬೇಸಿಗೆಯಲ್ಲಿ ಅಮೆರಿಕದ ಸರ್ಕಾರ ಒಂದು ಲೆಕ್ಕವನ್ನು ಹೆಮ್ಮೆಯಿಂದ ಮುಂದಿಟ್ಟಿತು. ದುಡಿಮೆಯ ಕಣದಿಂದ ವಲಸಿಗರು ಲಕ್ಷಗಟ್ಟಲೆ ಕರಗುತ್ತಿದ್ದಾರೆ, ಅಲ್ಲಿಯೇ ಹುಟ್ಟಿದವರಿಗೆ ಲಕ್ಷಗಟ್ಟಲೆ ಕೆಲಸ ಸಿಗುತ್ತಿದೆ ಎಂದು. ಈ ಅಂಕಿಗಳನ್ನು ಯಾರೂ ಕಟ್ಟಿ ಹೇಳಿದ್ದಲ್ಲ, ಸರ್ಕಾರದ್ದೇ ಮಾಸಿಕ ಮನೆಮನೆ ಸಮೀಕ್ಷೆಯಿಂದ ಬಂದಿದ್ದವು. ಆದರೂ ಆ ಸಮೀಕ್ಷೆಯ ಒಳಗುಟ್ಟು ಬಲ್ಲ ಅರ್ಥಶಾಸ್ತ್ರಜ್ಞರು, ಇದನ್ನು ನಂಬಬೇಡಿ ಎಂದು ಕೂಗಿ ಹೇಳಬೇಕಾಯಿತು.

ಒಳಗುಟ್ಟು ಇಷ್ಟೆ. ಸಮೀಕ್ಷೆಗೆ ಆರಿಸುವುದು ಸುಮಾರು 60,000 ಮನೆಗಳನ್ನು. ಉತ್ತರ ಕೊಟ್ಟ ಒಬ್ಬೊಬ್ಬರೂ ಸಾವಿರಾರು ಜನರ ಪರವಾಗಿ ಲೆಕ್ಕಕ್ಕೆ ಬರುತ್ತಾರೆ. ದೇಶದ ಒಟ್ಟು ಜನಸಂಖ್ಯೆ ಎಷ್ಟೆಂದು ಈ ಸಮೀಕ್ಷೆ ಅಳೆಯುವುದಿಲ್ಲ, ಅದನ್ನು ವರ್ಷದ ಮೊದಲಲ್ಲೇ ಬೇರೊಂದು ಅಂದಾಜಿನಿಂದ ತಂದು ಕೂರಿಸಿರುತ್ತಾರೆ. ಗಡೀಪಾರಿನ ಭಯದಲ್ಲಿ ವಲಸಿಗರು ಬಾಗಿಲು ತೆರೆಯದಿದ್ದರೆ, ಅಥವಾ ನಿಜಕ್ಕೂ ದೇಶ ಬಿಟ್ಟಿದ್ದರೆ, ಆ ಕೊರತೆ ಉಳಿದವರ ಲೆಕ್ಕಕ್ಕೆ ಹಂಚಿಹೋಗುತ್ತದೆ, ಏಕೆಂದರೆ ಒಟ್ಟು ಮೊತ್ತ ಹೊಂದಲೇಬೇಕು. ಒಬ್ಬನೇ ಒಬ್ಬ ಸ್ಥಳೀಯನಿಗೆ ಹೊಸ ಕೆಲಸ ಸಿಗದಿದ್ದರೂ ಸ್ಥಳೀಯರ ಉದ್ಯೋಗ ಜಿಗಿದಂತೆ ಕಾಣುತ್ತದೆ.

ಒಂದು ಬೇಸಿಗೆಯ ಎಡವಟ್ಟು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಯಾರು ಯಾರ ಅನ್ನ ಕಸಿಯುತ್ತಿದ್ದಾರೆ ಎಂಬ ಪ್ರಶ್ನೆ ಜಗತ್ತಿನ ಚುನಾವಣೆಗಳನ್ನೇ ಗೆಲ್ಲಿಸಿ ಸೋಲಿಸುತ್ತಿರುವ ಹೊತ್ತಿನಲ್ಲಿ, ಅದಕ್ಕೆ ಉತ್ತರ ಹುಡುಕುವ ಉಪಕರಣ ಸವೆಯುತ್ತಿದೆ. ಉಪಕರಣ ಸವೆದಷ್ಟೂ ಅದನ್ನು ಹಿಡಿದ ಕೈಯ ಒಲವು ಉತ್ತರದೊಳಗೆ ನುಸುಳುತ್ತದೆ. ಈ ಮಾತಿಗೆ ನಾಲ್ಕು ದಶಕಗಳ ಪುರಾವೆ ಇದೆ.

1980ರ ಏಪ್ರಿಲಿನಲ್ಲಿ ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ, ಹೋಗಬಯಸುವವರು ಮಾರಿಯೆಲ್ ಬಂದರಿನಿಂದ ಹೊರಡಬಹುದು ಎಂದು ಸಾರಿದರು. ಸೆಪ್ಟೆಂಬರ್ ಹೊತ್ತಿಗೆ ಸುಮಾರು 1,25,000 ಕ್ಯೂಬನ್ನರು ದೋಣಿಗಳಲ್ಲಿ ಫ್ಲಾರಿಡಾ ಸೇರಿದ್ದರು. ಮಯಾಮಿ ನಗರದ ದುಡಿಯುವವರ ಸಂಖ್ಯೆ ಕೆಲವೇ ತಿಂಗಳಲ್ಲಿ ನೂರಕ್ಕೆ ಏಳರಷ್ಟು ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಮಯಾಮಿಯನ್ನು ಅಟ್ಲಾಂಟಾ, ಹ್ಯೂಸ್ಟನ್, ಲಾಸ್ ಏಂಜಲೀಸ್, ಟ್ಯಾಂಪಾಗಳ ಜೊತೆ ಹೋಲಿಸಿ ನೋಡಿದರು. ಸ್ಥಳೀಯರ ಕೂಲಿ ಇಳಿದ ಕುರುಹು ಕಾಣಲಿಲ್ಲ, ನಿರುದ್ಯೋಗ ಏರಿದ ಕುರುಹೂ ಇಲ್ಲ. ಮುಂದೆ 2021ರಲ್ಲಿ ಅವರಿಗೆ ನೊಬೆಲ್ ತಂದ ಕೆಲಸಗಳಲ್ಲಿ ಇದೂ ಒಂದು.

ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಇದನ್ನು ಒಪ್ಪಲಿಲ್ಲ. ಕ್ಯೂಬಾದಲ್ಲಿ ಹುಟ್ಟಿ ಬಾಲಕನಾಗಿದ್ದಾಗಲೇ ಅಮೆರಿಕಕ್ಕೆ ವಲಸೆ ಬಂದವರು ಅವರು. ವಲಸೆ ಸ್ಥಳೀಯ ಬಡವರನ್ನು ಹಿಂಡುತ್ತದೆ ಎಂಬ ವಾದಕ್ಕೆ ದೊಡ್ಡ ಹೆಸರಾಗಿ ಅವರೇ ಬೆಳೆದದ್ದು ಈ ಕಥೆಯ ಒಂದು ಸೋಜಿಗ. ಅದೇ ಮಯಾಮಿಯನ್ನು ಅವರು ಮತ್ತೆ ಕೆದಕಿದರು. ಹೈಸ್ಕೂಲು ಮುಗಿಸದ, 25ರಿಂದ 59 ವಯಸ್ಸಿನ, ಹಿಸ್ಪಾನಿಕ್ ಅಲ್ಲದ ಗಂಡಸರನ್ನು ಮಾತ್ರ ಆರಿಸಿಕೊಂಡರೆ ಕೂಲಿ ಶೇಕಡಾ 10ರಿಂದ 30ರಷ್ಟು ಕುಸಿದಿತ್ತು ಎಂದು 2017ರಲ್ಲಿ ಬರೆದರು. ಅವರ ತರ್ಕದಲ್ಲಿ ಹುರುಳಿತ್ತು. ಬಂದವರಲ್ಲಿ ಬಹುಪಾಲು ಓದು ಕಡಿಮೆ ಇದ್ದವರು, ಆದ್ದರಿಂದ ಪೆಟ್ಟು ಬೀಳುವುದಾದರೆ ಅಂಥವರಿಗೇ ಬೀಳಬೇಕು. ಆದರೆ ಹೀಗೆ ಸೋಸಿದ ಮೇಲೆ ಮಾದರಿಯಲ್ಲಿ ಉಳಿದದ್ದು ವರ್ಷಕ್ಕೆ ಇಪ್ಪತ್ತರ ಆಸುಪಾಸು ಜನ. ಒಂದು ಬಸ್ಸೂ ತುಂಬದಷ್ಟು ಜನರ ಸಂಬಳದ ಮೇಲೆ ಒಂದು ದೇಶದ ವಲಸೆ ನೀತಿಯ ವಾದ ನಿಂತಿತು.

ಇಲ್ಲಿಗೇ ಮುಗಿಯಲಿಲ್ಲ. ಮೈಕೆಲ್ ಕ್ಲೆಮೆನ್ಸ್ ಮತ್ತು ಜೆನಿಫರ್ ಹಂಟ್ ಆ ಇಪ್ಪತ್ತು ಜನ ಯಾರು ಎಂದು ಕೇಳಿದರು. ಹಿಂದಿನ ಎಣಿಕೆಗಳಲ್ಲಿ ತಪ್ಪಿಹೋಗುತ್ತಿದ್ದ ಬಡ ಕಪ್ಪು ಗಂಡಸರನ್ನು ತಲುಪಲು ಅಮೆರಿಕದ ಗಣತಿ ಇಲಾಖೆ ಸರಿಯಾಗಿ 1980ರ ಹೊತ್ತಿಗೇ ವಿಶೇಷ ಪ್ರಯತ್ನ ಮಾಡಿತ್ತು. ಮಾದರಿಯಲ್ಲಿ ಅವರ ಪಾಲು ಒಮ್ಮೆಲೇ ಏರಿತು. ಅವರ ಕೂಲಿ ಮೊದಲಿನಿಂದಲೂ ಕಡಿಮೆ. ಆದ್ದರಿಂದ ಯಾರ ಸಂಬಳವೂ ಇಳಿಯದೆ ಸರಾಸರಿ ಮಾತ್ರ ಇಳಿದಿರಬಹುದು. ಬೋರ್ಹಾಸ್ ಈ ವಿವರಣೆಯನ್ನು ಒಪ್ಪಿಲ್ಲ. ನನಗೆ ಕ್ಲೆಮೆನ್ಸ್–ಹಂಟ್ ವಾದವೇ ಗಟ್ಟಿ ಎನಿಸುತ್ತದೆ. ಆದರೆ ಕಾರ್ಡ್ ಅವರ ಫಲಿತಾಂಶವೂ ಪ್ರಶ್ನಾತೀತವಲ್ಲ. 1994ರಲ್ಲಿ ಇನ್ನೊಂದು ದೋಣಿ ವಲಸೆ ಶುರುವಾಗಿ, ಅಮೆರಿಕ ಅದನ್ನು ತಡೆದು ಬೇರೆಡೆಗೆ ತಿರುಗಿಸಿತು. ಮಯಾಮಿಗೆ ಆ ಅಲೆ ತಲುಪಲೇ ಇಲ್ಲ. ಅದೇ ನಗರವನ್ನು ಅದೇ ವಿಧಾನದಲ್ಲಿ ಆಂಗ್ರಿಸ್ಟ್ ಮತ್ತು ಕ್ರೂಗರ್ ಅಳೆದಾಗ ಕಪ್ಪು ಜನರ ನಿರುದ್ಯೋಗ ದೊಡ್ಡದಾಗಿ ಏರಿದಂತೆ ಕಂಡಿತು. ನಡೆಯದ ಘಟನೆಗೂ ಪರಿಣಾಮ ಕಾಣಿಸುವ ವಿಧಾನ, ನಡೆದ ಘಟನೆಯ ಪರಿಣಾಮವನ್ನು ಮರೆಮಾಡಲೂ ಬಹುದು.

ಸಂಶೋಧಕರ ಒಲವನ್ನೇ ನೇರವಾಗಿ ಅಳೆಯುವ ಅವಕಾಶ ಬಂದದ್ದು ಒಂದು ವಿಚಿತ್ರ ಪ್ರಯೋಗದಿಂದ. ನೇಟ್ ಬ್ರೆಜ್ನೌ ಮತ್ತು ಸಂಗಡಿಗರು 73 ತಂಡಗಳ 161 ಸಂಶೋಧಕರಿಗೆ ಒಂದೇ ದತ್ತಾಂಶ, ಒಂದೇ ಪ್ರಶ್ನೆ ಕೊಟ್ಟರು. ಪ್ರಶ್ನೆ ಕೂಲಿಯದ್ದಲ್ಲ. ವಲಸೆ ಹೆಚ್ಚಿದರೆ ಸಮಾಜ ಕಲ್ಯಾಣ ಯೋಜನೆಗಳಿಗೆ ಜನರ ಬೆಂಬಲ ಕುಗ್ಗುತ್ತದೆಯೇ ಎಂಬುದು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 1,253 ಲೆಕ್ಕಗಳಿದ್ದವು. ಅರ್ಧಕ್ಕಿಂತ ಹೆಚ್ಚು ಲೆಕ್ಕಗಳು ಪರಿಣಾಮವೇ ಸ್ಪಷ್ಟವಿಲ್ಲ ಎಂದವು. ಶೇಕಡಾ 25ರಷ್ಟು ಲೆಕ್ಕಗಳಲ್ಲಿ ಬೆಂಬಲ ಕುಗ್ಗಿತ್ತು, ಶೇಕಡಾ 17ರಷ್ಟರಲ್ಲಿ ಹೆಚ್ಚಿತ್ತು. ಕೆಲಸ ಶುರುಮಾಡುವ ಮುಂಚೆ, ವಲಸೆ ಕಾನೂನು ಸಡಿಲವಾಗಬೇಕೇ ಬಿಗಿಯಾಗಬೇಕೇ ಎಂದು ಈ ಸಂಶೋಧಕರನ್ನೇ ಕೇಳಿಟ್ಟುಕೊಂಡಿದ್ದರು. ಆ ಉತ್ತರಗಳನ್ನು ಫಲಿತಾಂಶದ ಪಕ್ಕ ಇಟ್ಟು ನೋಡಿದವರು ಬ್ರೆಜ್ನೌ ಮತ್ತು, ಹೌದು, ಅದೇ ಬೋರ್ಹಾಸ್. ವಲಸೆಪರ ತಂಡಗಳಿಗೆ ಒಳ್ಳೆಯ ಪರಿಣಾಮ ಸಿಕ್ಕಿತ್ತು, ವಲಸೆ ವಿರೋಧಿ ತಂಡಗಳಿಗೆ ಕೆಟ್ಟದ್ದು. ಯಾರೂ ಅಂಕಿ ತಿದ್ದಿರಲಿಲ್ಲ. ಯಾವ ವರ್ಷ ಸೇರಿಸಬೇಕು, ಯಾವ ದೇಶ ಬಿಡಬೇಕು, ಯಾವ ಅಂಶವನ್ನು ಸರಿದೂಗಿಸಬೇಕು ಎಂಬ ನೂರಾರು ಸಣ್ಣ, ಸಮರ್ಥಿಸಿಕೊಳ್ಳಬಹುದಾದ ನಿರ್ಧಾರಗಳಲ್ಲಿ ಒಲವು ಕೆಲಸ ಮಾಡಿತ್ತು. ಹೀಗೆ ಎರಡೂ ತುದಿಗೆ ವಾಲಿದ ತಂಡಗಳು ಮೆಚ್ಚಿಕೊಂಡ ವಿಧಾನಗಳಿಗೆ ಪರಿಶೀಲಕರು ಕೊಟ್ಟ ಅಂಕಗಳೂ ಕಡಿಮೆ.

ಇದು ವಿದ್ವಾಂಸರ ಜಗಳ, ನಮಗೇಕೆ ಎನ್ನುವಂತಿಲ್ಲ. 1964ರ ಕೊನೆಯಲ್ಲಿ ಅಮೆರಿಕ ಬ್ರಸೆರೊ ಯೋಜನೆಯನ್ನು ನಿಲ್ಲಿಸಿತು. ಮೆಕ್ಸಿಕೊದ ಲಕ್ಷಾಂತರ ಹಂಗಾಮಿ ಕೃಷಿ ಕೂಲಿಗಳು ಬರದಿದ್ದರೆ ಸ್ಥಳೀಯರ ಕೂಲಿ ಏರುತ್ತದೆ ಎಂಬ ಖಚಿತ ನಂಬಿಕೆ ಆಗ. ಕ್ಲೆಮೆನ್ಸ್, ಲೂಯಿಸ್, ಪೋಸ್ಟೆಲ್ 2018ರಲ್ಲಿ ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ, ಬ್ರಸೆರೊಗಳು ತುಂಬಿದ್ದ ರಾಜ್ಯಗಳಲ್ಲೂ ಅವರು ಇಲ್ಲದಿದ್ದ ರಾಜ್ಯಗಳಲ್ಲೂ ಕೂಲಿ ಒಂದೇ ಹಾದಿ ಹಿಡಿದಿತ್ತು. ಕ್ಯಾಲಿಫೋರ್ನಿಯಾದ ರೈತರು ಟೊಮೆಟೊ ಕೊಯ್ಯುವ ಯಂತ್ರ ತಂದರು. ಯಂತ್ರಕ್ಕೆ ಒಗ್ಗದ ಬೆಳೆಗಳನ್ನು ರೈತರು ಕಡಿಮೆ ಮಾಡಿದರು. ಕೂಲಿ ಏರುತ್ತದೆಂದು ಆಸೆ ತೋರಿಸಿದ್ದ ಸ್ಥಳೀಯನಿಗೆ ಸಿಕ್ಕಿದ್ದೇನೂ ಇಲ್ಲ.

ತಪ್ಪು ರೋಗನಿರ್ಣಯದ ಬೆಲೆಯನ್ನು ತೆರುವವರು ತಳದಲ್ಲಿರುವವರೇ. ಅಮೆರಿಕದ ಕೇಂದ್ರ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಕಾರ್ಮಿಕ ಸಂಘಗಳಲ್ಲಿರುವವರು ಹತ್ತಕ್ಕೆ ಒಬ್ಬರು. ವಲಸೆಯ ಮಾತು ಬಂದೊಡನೆ ಇವೆಲ್ಲ ಹಿಂದೆ ಸರಿಯುತ್ತವೆ. ಅಲೆಸಿನಾ, ಮಿಯಾನೊ, ಸ್ಟಾಂಚೆವಾ ಆರು ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಜನ ವಲಸಿಗರ ಸಂಖ್ಯೆಯನ್ನು ನಿಜಕ್ಕಿಂತ ಬಹಳ ಹೆಚ್ಚಾಗಿ ಊಹಿಸಿದ್ದರು. ಅದಕ್ಕಿಂತ ಆತಂಕದ ಸಂಗತಿ, ಸಂಪತ್ತಿನ ಮರುಹಂಚಿಕೆಯ ಪ್ರಶ್ನೆಗಿಂತ ಮುಂಚೆ ವಲಸಿಗರ ಬಗ್ಗೆ ಕೇಳಿದರೆ ಸಾಕು, ಮರುಹಂಚಿಕೆಗೆ ಬೆಂಬಲ ಇಳಿಯುತ್ತಿತ್ತು. ಮಾಹಿತಿಯೇನೂ ಕೊಟ್ಟಿರಲಿಲ್ಲ, ಬರೀ ನೆನಪಿಸಿದ್ದಷ್ಟೆ.

ಈಗ ಉಪಕರಣದ ಸ್ಥಿತಿ ನೋಡಿ. ಅಮೆರಿಕದ ಮಾಸಿಕ ಸಮೀಕ್ಷೆಗೆ ಒಂದು ದಶಕದ ಹಿಂದೆ ನೂರಕ್ಕೆ ತೊಂಬತ್ತರ ಹತ್ತಿರ ಮನೆಗಳು ಉತ್ತರಿಸುತ್ತಿದ್ದವು, ಈಗ ಅದು ಎಪ್ಪತ್ತರ ಕೆಳಗೆ ಜಾರಿದೆ. 2025ರ ಆಗಸ್ಟ್ 1ರಂದು ಉದ್ಯೋಗ ವರದಿ ನಿರಾಶೆ ತಂದ ದಿನವೇ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆಯನ್ನು ವಜಾ ಮಾಡಲಾಯಿತು. ಆ ಅಕ್ಟೋಬರಿನಲ್ಲಿ ಸರ್ಕಾರಿ ಕಚೇರಿಗಳಿಗೆ ಬೀಗ ಬಿದ್ದಿದ್ದರಿಂದ ಮನೆಮನೆ ಸಮೀಕ್ಷೆಯೇ ನಡೆಯಲಿಲ್ಲ. ಈ ನಡುವೆ ಸೆಪ್ಟೆಂಬರಿನಲ್ಲಿ, ಸ್ಥಳೀಯರ ಸಂಬಳ ಕುಸಿಯುತ್ತಿದೆ ಎಂಬ ಕಾರಣ ಕೊಟ್ಟು ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದರು. ಆ ವೀಸಾ ಪಡೆಯುವವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಭಾರತೀಯರು, ಬೆಂಗಳೂರಿನ ಮನೆಮನೆಗೂ ಮುಟ್ಟಿದ ಸುದ್ದಿ ಇದು.

ಅಲ್ಲಿ ವಲಸಿಗರಾಗಿ ನೊಂದವರು ನಾವು, ಇಲ್ಲಿ ಸ್ಥಳೀಯರಾಗಿ ಅದೇ ವಾದ ಹೂಡುತ್ತೇವೆ. 2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಮೀಸಲಿಡುವ ಮಸೂದೆಯನ್ನು ಒಪ್ಪಿತು. ಉದ್ಯಮಿಗಳ ಆಕ್ರೋಶಕ್ಕೆ ಎರಡೇ ದಿನದಲ್ಲಿ ಅದನ್ನು ತಡೆಹಿಡಿಯಿತು. ಪರವಾಗಿ ಮಾತಾಡಿದವರ ಕಳವಳ ಸುಳ್ಳೆಂದು ನಾನು ಹೇಳುತ್ತಿಲ್ಲ. ಕಲಬುರಗಿಯಿಂದ ಗುಳೆ ಬಂದು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವವನ ಕೂಲಿಯನ್ನು ಬಿಹಾರದಿಂದ ಬಂದವನು ಇಳಿಸಿದ್ದಾನೆಯೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಆದರೆ ಪರ ಮತ್ತು ವಿರೋಧ ಎರಡೂ ಬಣಗಳು ಯಾವ ಅಂಕಿಯಿಂದ ಮಾತಾಡಿದವು? ನಮ್ಮ ದುಡಿಮೆ ಸಮೀಕ್ಷೆ ಮನೆಗಳನ್ನು ಆಧರಿಸಿದ್ದು. ಮೂರು ತಿಂಗಳಿಗೊಮ್ಮೆ ಕಟ್ಟಡದಿಂದ ಕಟ್ಟಡಕ್ಕೆ ತಗಡಿನ ಶೆಡ್ಡು ಬದಲಿಸುವವನು ಅದರ ಬಲೆಯಿಂದ ಸುಲಭವಾಗಿ ಜಾರುತ್ತಾನೆ. ಮಯಾಮಿಯ ಕಪ್ಪು ಗಂಡಸರು 1980ಕ್ಕೆ ಮುಂಚೆ ಜಾರಿದಂತೆಯೇ.

2017ರ ಆರ್ಥಿಕ ಸಮೀಕ್ಷೆ ರೈಲು ಟಿಕೆಟ್ಟುಗಳಿಂದ ಅಂತರರಾಜ್ಯ ವಲಸೆಯನ್ನು ಅಂದಾಜಿಸಬೇಕಾಯಿತು, ವರ್ಷಕ್ಕೆ ಸುಮಾರು 90 ಲಕ್ಷ ಎಂದು. ಜಾಣ ಉಪಾಯವೇ, ಆದರೆ ಟಿಕೆಟ್ಟು ಕೂಲಿಯನ್ನು ಹೇಳುವುದಿಲ್ಲ. ಪೂರ್ಣ ಚಿತ್ರ ಸಿಗಬೇಕಾದರೆ ಜನಗಣತಿ ಬೇಕು. 2021ರ ಗಣತಿ ನಡೆಯಲಿಲ್ಲ, ಮುಂದಿನದಕ್ಕೆ 2027ರ ಫೆಬ್ರವರಿ ನಿಗದಿಯಾಗಿದೆ. 2011ರ ಗಣತಿಯ ವಲಸೆ ಕೋಷ್ಟಕಗಳು ಹೊರಬಿದ್ದದ್ದು 2019ರಲ್ಲಿ. ಅದೇ ವೇಗವಾದರೆ ಈ ಸಲದ ಕೋಷ್ಟಕಗಳು ಕೈಗೆ ಬರುವುದು 2035ಕ್ಕೆ. ಸ್ಥಳೀಯ ಮೀಸಲಿನ ಮಸೂದೆ ಅಷ್ಟು ವರ್ಷ ಕಪಾಟಿನಲ್ಲಿ ಕಾಯುವುದು ಅನುಮಾನ.