ಹೊಲದ ಹಾದಿಗೆ ತಕ್ಕ ವಿದ್ಯುತ್ ಬೈಕು
ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳ ರೈತರು ಅರಿತು ಕೊಳ್ಳತಕ್ಕ ರೀತಿ

ಹೊಲವು ಮನೆಯಿಂದ ದೂರವಿದ್ದಷ್ಟೂ ರೈತನ ದಿನವು ಹಾದಿಯಲ್ಲಿಯೇ ಸವೆಯುತ್ತದೆಂಬುದು ಎಲ್ಲರೂ ಬಲ್ಲ ಮಾತು. ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಊರುಗಳು ದೊಡ್ಡವು. ಊರಿಗೂ ಊರಿಗೂ ನಡುವೆ ಅಂತರ ಬಹಳ. ಹೊಲದಲ್ಲಿಯೇ ಮನೆ ಕಟ್ಟಿಕೊಂಡಿರುವ ರೂಢಿ ಎರೆ ನಾಡಿನಲ್ಲಿ ಕಡಿಮೆ. ಆದುದರಿಂದ ಬೆಳಗಿನ ಬುತ್ತಿಯಿಂದ ಹಿಡಿದು ಬೀಜ, ಗೊಬ್ಬರ, ಔಷಧ, ಕೊನೆಗೆ ದನದ ಮೇವಿನವರೆಗೆ ಎಲ್ಲವೂ ಹಾದಿ ಸವೆಸಿಯೇ ಹೋಗಬೇಕು, ಬರಬೇಕು. ಮೊದಲು ಚಕ್ಕಡಿ, ಬಳಿಕ ಸೈಕಲು, ಆಮೇಲೆ ಪೆಟ್ರೋಲು ಬೈಕು ಈ ಕೆಲಸಕ್ಕೆ ಬಂದವು. ಈಗ ವಿದ್ಯುತ್ ಬೈಕುಗಳು ಪೇಟೆಗೆ ಬಂದಿವೆ.

ಇವುಗಳ ಪೈಕಿ ಕೆಲವನ್ನು ದಪ್ಪ ಗಾಲಿಗಳೊಡನೆ, ಕಾಡುಮೇಡುಗಳಲ್ಲಿ ಓಡತಕ್ಕವೆಂದು ವರ್ಣಿಸಿ ಮಾರುತ್ತಾರೆ. ಅಮೇರಿಕದಲ್ಲಿ ಬೇಟೆಗಾರರಿಗಾಗಿಯೇ ಇಂಥ ಬೈಕುಗಳನ್ನು ಮಾಡುವುದುಂಟು. ಸದ್ದಿಲ್ಲದೆ ಹೋಗುವುದೇ ಅವುಗಳ ಮುಖ್ಯ ಗುಣವೆಂದು ಅಲ್ಲಿ ಎಣಿಸುತ್ತಾರೆ. ಇಲ್ಲಿಯ ರೈತನು ಆ ಚಿತ್ರಗಳನ್ನು ನೋಡಿ ಮರುಳಾಗದೆ, ತನ್ನ ಮನೆಯಿಂದ ತನ್ನ ಹೊಲದವರೆಗಿನ ಹಾದಿಯನ್ನು ಮೊದಲು ನೋಡಿಕೊಳ್ಳತಕ್ಕದ್ದು. ಒಂದು ಗಾಡಿಗೆ ಹೋಗುವ ಹಣವು ಒಂದು ಹಂಗಾಮಿನ ಹೆಸರು ಇಲ್ಲವೆ ಉಳ್ಳಾಗಡ್ಡಿಯ ಉತ್ಪನ್ನವನ್ನೇ ನುಂಗಬಲ್ಲದು. ತಪ್ಪು ಗಾಡಿಯನ್ನು ಕೊಂಡರೆ ಅದು ಪಡಸಾಲೆಯಲ್ಲಿ ನಿಲ್ಲುತ್ತದೆ, ಸಾಲ ಮಾತ್ರ ನಡೆಯುತ್ತಿರುತ್ತದೆ.

ನೆಲದ ಗುಣ

ಈ ಮೂರು ತಾಲೂಕುಗಳ ನೆಲವು ಒಂದೇ ಬಗೆಯದಲ್ಲ. ನರಗುಂದ ಮತ್ತು ರೋಣದ ಬಹುಭಾಗವು ಆಳವಾದ ಎರೆ ಭೂಮಿ. ಈ ಮಣ್ಣಿನ ಜೇಡಿಯು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಯಾದ ಮೇಲೆ ಅದು ಗಾಲಿಗೆ ಅಂಟಿ, ಗಾಲಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ತುಂಬಿ, ಗಾಲಿಯು ತಿರುಗದಂತೆ ಬಿಗಿಯುತ್ತದೆ. ಬೇಸಿಗೆಯಲ್ಲಿ ಅದೇ ನೆಲವು ಬಿರಿದು, ಸಣ್ಣ ಗಾಲಿಯು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳನ್ನು ತೋರಿಸುತ್ತದೆ. ಗಜೇಂದ್ರಗಡದ ಕಡೆಗೆ ಕಲ್ಲುಗುಡ್ಡಗಳೂ, ಮಸಾರಿ ಹೊಲಗಳೂ, ಗರಸಿನ ಏರು ಹಾದಿಗಳೂ ಇವೆ. ಅಲ್ಲಿ ಅಂಟುವ ಕೆಸರಿಗಿಂತ ಏರು, ಚೂಪುಗಲ್ಲು ಮತ್ತು ಜಾಲಿಮುಳ್ಳುಗಳೇ ತೊಂದರೆ ಕೊಡತಕ್ಕವು. ಮಲಪ್ರಭಾ ಕಾಲುವೆಯ ದಂಡೆಯ ಹಾದಿಗಳು ಇವೆರಡರ ನಡುವಿನವು.

ದಪ್ಪ ಗಾಲಿಯು ಕೆಸರಿನಲ್ಲಿ ಸಲೀಸಾಗಿ ಹೋಗುತ್ತದೆಂದು ಹಲವರು ನಂಬುತ್ತಾರೆ. ಉಸುಕಿನಲ್ಲಿಯೂ ಒಣ ಸಡಿಲು ಮಣ್ಣಿನಲ್ಲಿಯೂ ಇದು ನಿಜ. ಗಾಳಿಯನ್ನು ತುಸು ಕಡಿಮೆ ಮಾಡಿದರೆ ಅಗಲವಾದ ಗಾಲಿಯು ಹೂತುಹೋಗದೆ ಸಾಗುತ್ತದೆ. ಹಸಿ ಎರೆಯಲ್ಲಿ ಮಾತ್ರ ಗಾಲಿ ಅಗಲವಾದಷ್ಟೂ ಹೆಚ್ಚು ಮಣ್ಣನ್ನು ಎತ್ತುತ್ತದೆ. ಅಲ್ಲಿ ನೋಡತಕ್ಕದ್ದು ಗಾಲಿಯ ದಪ್ಪವನ್ನಲ್ಲ. ಗಾಲಿಯ ಸುತ್ತ ಇರುವ ತೆರಪನ್ನು. ಮಡ್‌ಗಾರ್ಡು ಗಾಲಿಗೆ ಅಂಟಿಕೊಂಡಂತಿರುವ ಗಾಡಿಯು ಎರೆ ಸೀಮೆಗೆ ಹೊಂದುವುದಿಲ್ಲ. ಎಷ್ಟೇ ಒಳ್ಳೆಯ ಗಾಡಿಯಾದರೂ ದೊಡ್ಡ ಮಳೆಯ ಮರುದಿನ ಎರೆ ಹಾದಿಗೆ ಇಳಿಸದಿರುವುದೇ ಲೇಸು. ಚಕ್ಕಡಿ ಹೂಡಲಾಗದ ದಿನ ಬೈಕೂ ಮನೆಯಲ್ಲಿರಲಿ.

ಯಂತ್ರದ ಶಕ್ತಿ

ವಿದ್ಯುತ್ ಯಂತ್ರದ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಹೇಳುತ್ತಾರೆ. ೧೦೦೦ ವ್ಯಾಟ್ ಎಂದರೆ ಒಂದು ಕಿಲೋವ್ಯಾಟ್. ೨೫೦ ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ತಾಸಿಗೆ ೨೫ ಕಿಲೋಮೀಟರು ಮೀರದ ಹಗುರಾದ ಗಾಡಿಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅವುಗಳಿಗೆ ನೋಂದಣಿಯೂ ಲೈಸೆನ್ಸೂ ಬೇಡ. ಈ ಕಾರಣದಿಂದ ಅವು ಅಗ್ಗವಾಗಿಯೂ ಆಕರ್ಷಕವಾಗಿಯೂ ತೋರುತ್ತವೆ. ಸಮತಟ್ಟಾದ ಡಾಂಬರು ಹಾದಿಯಲ್ಲಿ ಅವು ಒಬ್ಬ ಮನುಷ್ಯನನ್ನು ಚೆನ್ನಾಗಿಯೇ ಒಯ್ಯುತ್ತವೆ.

ಗುಡ್ಡದ ಹಾದಿಯಲ್ಲಿ ಲೆಕ್ಕವೇ ಬೇರೆ. ಪೆಡಲುಳ್ಳ ವಿದ್ಯುತ್ ಸೈಕಲು ೩೦ ಕಿಲೋ, ಸವಾರ ೭೦ ಕಿಲೋ, ಗೊಬ್ಬರದ ಚೀಲ ೫೦ ಕಿಲೋ, ಒಟ್ಟು ೧೫೦ ಕಿಲೋ ಎಂದು ಹಿಡಿಯೋಣ. ಹತ್ತು ಮಾರಿಗೆ ಒಂದು ಮಾರು ಏರುವ ಗರಸಿನ ಹಾದಿಯಲ್ಲಿ ಏರಿಗಾಗಿ ೧೫ ಕಿಲೋ, ಸಡಿಲು ನೆಲದ ತಡೆಗಾಗಿ ಸುಮಾರು ೬ ಕಿಲೋ, ಹೀಗೆ ೨೧ ಕಿಲೋ ತೂಕದಷ್ಟು ಎಳೆತ ಬೇಕಾಗುತ್ತದೆ. ಈ ಎಳೆತವನ್ನು ೨೫೦ ವ್ಯಾಟ್ ಯಂತ್ರವು ತಾಸಿಗೆ ಸುಮಾರು ನಾಲ್ಕು ಕಿಲೋಮೀಟರು ವೇಗದಲ್ಲಿ ಮಾತ್ರ ಕೊಡಬಲ್ಲದು. ಅದು ಮನುಷ್ಯನು ನಡೆಯುವ ವೇಗ. ಅಷ್ಟು ನಿಧಾನವಾಗಿ ಬಹಳ ಹೊತ್ತು ದುಡಿದ ಯಂತ್ರವು ಕಾಯುತ್ತದೆ, ಕೊನೆಗೆ ಸುಡುತ್ತದೆ.

ನೋಂದಣಿಯಾದ ದೊಡ್ಡ ಗಾಡಿಯಾದರೆ ಗಾಡಿ, ಸವಾರ, ಚೀಲ ಕೂಡಿ ಸುಮಾರು ೨೨೫ ಕಿಲೋ ಆಗುತ್ತದೆ. ಅದೇ ಏರನ್ನು ತಾಸಿಗೆ ೧೫ ಕಿಲೋಮೀಟರಿನಂತೆ ಹತ್ತಲು ಗಾಲಿಯಲ್ಲಿಯೇ ಒಂದೂಕಾಲು ಕಿಲೋವ್ಯಾಟ್‌ಗೂ ಹೆಚ್ಚು ಶಕ್ತಿ ಬೇಕು. ಯಂತ್ರದೊಳಗಿನ ನಷ್ಟವನ್ನೂ ಹಿಂಬದಿಯ ಸವಾರರನ್ನೂ ಎಣಿಸಿದರೆ ಎರಡರಿಂದ ಮೂರು ಕಿಲೋವ್ಯಾಟ್‌ನ ಯಂತ್ರವು ಗುಡ್ಡದ ಭಾಗಕ್ಕೆ ತಕ್ಕದ್ದು. ಇಲ್ಲಿ ಮಾರುವವರು ಕ್ಷಣಕಾಲದ ಗರಿಷ್ಠ ಶಕ್ತಿಯನ್ನು ಹೇಳುವುದುಂಟು. ಕೊಳ್ಳುವವನು ಸತತವಾಗಿ ನಿಲ್ಲುವ ಶಕ್ತಿ ಎಷ್ಟೆಂದು ಕೇಳತಕ್ಕದ್ದು.

ಯಂತ್ರವನ್ನು ಹಿಂದಿನ ಗಾಲಿಯ ಗುಂಬದಲ್ಲಿ ಇಟ್ಟಿರುವ ಗಾಡಿಗಳುಂಟು. ನಡುವೆ ಇಟ್ಟು ಚೈನು ಇಲ್ಲವೆ ಬೆಲ್ಟಿನಿಂದ ಗಾಲಿಯನ್ನು ತಿರುಗಿಸುವವೂ ಉಂಟು. ಮೊದಲನೆಯದು ಸರಳ, ಸವೆಯುವ ಭಾಗಗಳು ಕಡಿಮೆ. ಎರಡನೆಯದು ಏರಿನಲ್ಲಿ ಹೆಚ್ಚು ಸಮರ್ಥ. ಅದಲ್ಲದೆ ಪಂಕ್ಚರಾದಾಗ ಗಾಲಿಯನ್ನು ಬಿಚ್ಚುವುದು ಸುಲಭ. ಗುಂಬದಲ್ಲಿ ಯಂತ್ರವಿರುವ ಗಾಲಿಯನ್ನು ತಂತಿಗಳ ಸಮೇತ ಬಿಚ್ಚಿ ಕೂಡಿಸುವುದು ಎಲ್ಲ ಊರುಗಳ ಪಂಕ್ಚರು ಅಂಗಡಿಯವರಿಗೆ ಒಗ್ಗಿದ ಕೆಲಸವಲ್ಲ. ಜಾಲಿಮುಳ್ಳಿನ ಹಾದಿಯವರು ಟ್ಯೂಬಿಲ್ಲದ ಟೈರುಗಳನ್ನು ಆರಿಸಿ, ತೂತು ಮುಚ್ಚುವ ದ್ರವವನ್ನು ಮೊದಲೇ ತುಂಬಿಸಿಡುವುದು ಒಳ್ಳೆಯದು.

ಎತ್ತರ ಮತ್ತು ಗಾಲಿಯ ಅಳತೆ

ಚಕ್ಕಡಿಯ ಜಾಡುಗಳ ನಡುವೆ ಏಳುವ ದಿಂಡು ಸ್ಕೂಟರಿನ ಹೊಟ್ಟೆಗೆ ಬಡಿಯುತ್ತದೆ. ಹಲವು ಸ್ಕೂಟರುಗಳಲ್ಲಿ ಬ್ಯಾಟರಿಯು ಕಾಲಿಡುವ ಹಲಗೆಯ ಕೆಳಗೇ ಇರುವುದರಿಂದ ಈ ಪೆಟ್ಟು ಗಾಡಿಯ ಅತ್ಯಂತ ಬೆಲೆಯುಳ್ಳ ಭಾಗಕ್ಕೇ ಬೀಳುತ್ತದೆ. ನೆಲದಿಂದ ಗಾಡಿಯ ಹೊಟ್ಟೆಗೆ ಏಳು ಇಂಚಿನಷ್ಟಾದರೂ ಅಂತರವಿರಲಿ. ಬಿರುಕು, ತಗ್ಗುಗಳ ಹಾದಿಗೆ ೧೦ ಇಲ್ಲವೆ ೧೨ ಇಂಚಿನ ಸ್ಕೂಟರು ಗಾಲಿಗಿಂತ ಬೈಕಿನ ೧೭ ಇಂಚಿನ ಗಾಲಿಯು ಮೇಲು. ಆದರೆ ಮನೆಯ ಹೆಣ್ಣುಮಕ್ಕಳೂ ಗಾಡಿಯನ್ನು ನಡೆಸುವುದಿದ್ದರೆ ಸೀರೆಯುಟ್ಟು ಏರಿಳಿಯಲು ಅನುಕೂಲವಾದದ್ದು ಸ್ಕೂಟರೇ. ಗರಸು ಹಾಕಿದ ಹಾದಿಯಿರುವ ಹೊಲಕ್ಕೆ ಎತ್ತರವಾದ ಸ್ಕೂಟರನ್ನು ನಿಶ್ಚಿಂತೆಯಿಂದ ಕೊಳ್ಳಬಹುದು.

ಬ್ಯಾಟರಿ

ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತನ್ನು ಕಿಲೋವ್ಯಾಟ್-ತಾಸುಗಳಲ್ಲಿ ಅಳೆಯುತ್ತಾರೆ. ಮನೆಯ ಮೀಟರಿನ ಒಂದು ಯೂನಿಟ್ಟು ಎಂದರೆ ಇದೇ. ಕಂಪನಿಯವರು ಹೇಳುವ ದೂರವು ಪರೀಕ್ಷಾಶಾಲೆಯಲ್ಲಿ ಕಂಡದ್ದು. ಹೊಲದ ಹಾದಿಯಲ್ಲಿ ಹೊರೆಯೊಡನೆ ಒಂದು ಕಿಲೋಮೀಟರಿಗೆ ೪೦ರಿಂದ ೫೦ ವ್ಯಾಟ್-ತಾಸು ಬೇಕೆಂದು ಹಿಡಿದರೆ ೩ ಯೂನಿಟ್ಟಿನ ಬ್ಯಾಟರಿಯು ಸುಮಾರು ೬೦ ಕಿಲೋಮೀಟರು ಕೊಟ್ಟೀತು. ಐದರಲ್ಲಿ ಒಂದು ಪಾಲನ್ನು ಆಪತ್ಕಾಲಕ್ಕೆ ಉಳಿಸಿ, ೪೮ ಕಿಲೋಮೀಟರನ್ನೇ ನೆಚ್ಚತಕ್ಕದ್ದು.

ಸೀಸದ ಬ್ಯಾಟರಿಯ ಗಾಡಿಗಳು ಅಗ್ಗವಾದರೂ ಭಾರವಾದವು, ಬೇಗನೆ ಸೋಲತಕ್ಕವು. ಲಿಥಿಯಂ ಬ್ಯಾಟರಿಗಳಲ್ಲಿ ಐರನ್ ಫಾಸ್ಫೇಟ್ ಬಗೆಯದು ತುಸು ತೂಕದ್ದು. ಆದರೆ ಬಿಸಿಲನ್ನು ಹೆಚ್ಚು ತಾಳುತ್ತದೆ, ಹೆಚ್ಚು ಕಾಲ ಬಾಳುತ್ತದೆ. ೨೦೨೨ನೆಯ ಇಸವಿಯಲ್ಲಿ ದೇಶದ ಕೆಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ತರುವಾಯ ಸರಕಾರವು ಬ್ಯಾಟರಿಗಳ ಪರೀಕ್ಷೆಯನ್ನು ಬಿಗಿಗೊಳಿಸಿತು. ಎ.ಐ.ಎಸ್. ೧೫೬ ಎಂಬ ಮಾನಕದ ಹೊಸ ನಿಬಂಧನೆಗಳು ೨೦೨೨ನೆಯ ಡಿಸೆಂಬರ ಮತ್ತು ೨೦೨೩ನೆಯ ಮಾರ್ಚ ತಿಂಗಳುಗಳಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಹಳೆಯ ಗಾಡಿಯನ್ನು ಕೊಳ್ಳುವವರು ಅದು ಈ ದಿನಾಂಕಗಳ ಮುಂಚಿನದೋ ಹಿಂದಿನದೋ ಎಂದು ವಿಚಾರಿಸತಕ್ಕದ್ದು.

ಬಿಸಿಲಿನಿಂದ ಬಂದ ಗಾಡಿಯನ್ನು ಒಂದು ತಾಸು ನೆರಳಿನಲ್ಲಿ ಆರಗೊಟ್ಟು ಆಮೇಲೆ ಚಾರ್ಜಿಗೆ ಹಚ್ಚಬೇಕು. ಕಣಕಿಯ ಬಣವಿ, ಹತ್ತಿಯ ಅಂಡಿಗೆ, ಮಲಗುವ ಕೋಣೆ, ಇವುಗಳ ಸಮೀಪ ಚಾರ್ಜು ಮಾಡಲಾಗದು. ಪಂಪುಸೆಟ್ಟಿನ ತಂತಿಯಿಂದ ಕೊಕ್ಕೆ ಹಾಕಿ ಚಾರ್ಜು ಮಾಡುವುದು ಕಾಯಿದೆಗೂ ವಿರುದ್ಧ, ಜೀವಕ್ಕೂ ಅಪಾಯ. ಮನೆಯಲ್ಲಿ ಸರಿಯಾದ ಅರ್ಥಿಂಗ್ ಇರುವ ಪ್ಲಗ್ಗನ್ನೇ ಉಪಯೋಗಿಸತಕ್ಕದ್ದು. ತಿಂಗಳುಗಟ್ಟಲೆ ಗಾಡಿಯನ್ನು ನಿಲ್ಲಿಸುವುದಾದರೆ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿಡಬೇಕು.

ಐ.ಪಿ. ೬೭ ಎಂಬ ಗುರುತುಳ್ಳ ಬ್ಯಾಟರಿಯು ಒಂದು ಮೀಟರು ನೀರಿನಲ್ಲಿ ಅರ್ಧ ತಾಸು ಇದ್ದರೂ ಒಳಗೆ ನೀರು ಸೇರದೆಂದು ಪರೀಕ್ಷಿಸಲ್ಪಟ್ಟಿರುತ್ತದೆ. ಇದನ್ನು ನಂಬಿ ಹರಿಯುವ ಹಳ್ಳವನ್ನು ದಾಟಲು ಹೊರಡಬಾರದು. ಬೆಣ್ಣಿಹಳ್ಳದ ಸ್ವಭಾವವನ್ನು ಬಲ್ಲವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ೨೦೧೯ನೆಯ ಆಗಸ್ಟ ತಿಂಗಳಿನ ಮಲಪ್ರಭೆಯ ಪ್ರವಾಹವನ್ನು ಕೊಣ್ಣೂರು, ಹೊಳೆಆಲೂರು ಕಡೆಯ ಜನರು ಮರೆತಿರಲಾರರು. ಬ್ಯಾಟರಿಗೆ ನೀರು ಹೋಗದಿರಬಹುದು. ಗಾಡಿಯನ್ನೂ ಸವಾರನನ್ನೂ ಸೆಳವು ಒಯ್ಯುತ್ತದೆ.

ಖರ್ಚಿನ ಲೆಕ್ಕ

ದಿನಕ್ಕೆ ೨೦ ಕಿಲೋಮೀಟರಿನಂತೆ ವರುಷಕ್ಕೆ ೩೦೦ ದಿನ ತಿರುಗುವ ರೈತನಿಗೆ ೬,೦೦೦ ಕಿಲೋಮೀಟರು ಆಗುತ್ತದೆ. ಲೀಟರಿಗೆ ೫೦ ಕಿಲೋಮೀಟರು ಓಡುವ ಬೈಕಿಗೆ ೧೨೦ ಲೀಟರು ಪೆಟ್ರೋಲು. ಲೀಟರಿಗೆ ೧೦೦ ರೂಪಾಯಿಯಂತೆ ೧೨,೦೦೦ ರೂಪಾಯಿ. ವಿದ್ಯುತ್ ಬೈಕಿಗೆ ಚಾರ್ಜಿನ ನಷ್ಟವನ್ನು ಕೂಡಿಸಿ ಸುಮಾರು ೨೮೫ ಯೂನಿಟ್ಟು. ಯೂನಿಟ್ಟಿಗೆ ೭ ರೂಪಾಯಿ ಹಿಡಿದರೆ ೨,೦೦೦ ರೂಪಾಯಿ. ಉಳಿತಾಯವು ವರುಷಕ್ಕೆ ೧೦,೦೦೦ ರೂಪಾಯಿ.

ಇದರ ಮೇಲೆಯೇ ಸಂತೋಷಪಡಲಾಗದು. ಬ್ಯಾಟರಿಯ ಬೆಲೆ ಗಾಡಿಯ ಬೆಲೆಯಲ್ಲಿ ಸುಮಾರು ಮೂರನೆಯ ಒಂದು ಪಾಲು. ಹೊಸ ಬ್ಯಾಟರಿಗೆ ೩೫,೦೦೦ ರೂಪಾಯಿ ಬೀಳುವುದೆಂದು ಎಣಿಸಿದರೆ, ಮೂರೇ ವರುಷಕ್ಕೆ ಅದು ಕೆಟ್ಟಾಗ ಉಳಿಸಿದ್ದೆಲ್ಲ ಹೋಗಿ ಮೇಲೆ ೫,೦೦೦ ಕೈಯಿಂದ ಬೀಳುತ್ತದೆ. ಏಳು ವರುಷ ಬಾಳಿದರೆ ಅಷ್ಟೇ ಪಟ್ಟು ಲಾಭವಾಗುತ್ತದೆ. ಆದುದರಿಂದ ಬ್ಯಾಟರಿಯ ಖಾತರಿಯು ಎಷ್ಟು ವರುಷ, ಎಷ್ಟು ಕಿಲೋಮೀಟರು, ಯಾವ ಕಾರಣಕ್ಕೆ ರದ್ದಾಗುತ್ತದೆ, ರಿಪೇರಿಗೆ ಗದಗಕ್ಕೆ ಹೋಗಬೇಕೋ ಹುಬ್ಬಳ್ಳಿಗೋ, ಇವೆಲ್ಲವನ್ನು ಬರಹದಲ್ಲಿ ಪಡೆಯತಕ್ಕದ್ದು. ಹೊಲವು ಮೂರು ಕಿಲೋಮೀಟರಿನೊಳಗೆ ಇದ್ದು, ಬೇರೆ ತಿರುಗಾಟವಿಲ್ಲದವನಿಗೆ ವರುಷದ ಉಳಿತಾಯ ೩,೦೦೦ ರೂಪಾಯಿಯಷ್ಟೇ. ಅಂಥವನು ಇದ್ದ ಬೈಕನ್ನು ಮಾರಿ ಹೊಸದಕ್ಕೆ ಸಾಲ ಮಾಡುವುದು ಜಾಣತನವಲ್ಲ.

ಬೇಟೆಯ ಮಾತು

ಹೆಸರು, ಕಡಲೆ ಚಿಗುರುವ ಕಾಲಕ್ಕೆ ಚಿಗರಿಗಳ ಹಿಂಡು ಹೊಲಕ್ಕೆ ನುಗ್ಗುವುದು, ಕಾಡುಹಂದಿಯು ಬೆಳೆಯನ್ನು ಕೆಡಿಸುವುದು ಈ ಭಾಗದ ದೊಡ್ಡ ಕಷ್ಟ. ರಾತ್ರಿಯೆಲ್ಲ ನಿದ್ದೆಗೆಟ್ಟು ಕಾಯುವ ರೈತನ ಸಿಟ್ಟು ಅರ್ಥವಾಗತಕ್ಕದ್ದೇ. ಆದರೂ ಚಿಗರಿ, ಎಂದರೆ ಕೃಷ್ಣಮೃಗವು, ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಕೊಂದವನಿಗೆ ಮೂರು ವರುಷಕ್ಕೆ ಕಡಿಮೆಯಿಲ್ಲದಂತೆ ಏಳು ವರುಷದವರೆಗೆ ಸೆರೆವಾಸವೂ, ೨೫,೦೦೦ ರೂಪಾಯಿಗೆ ಕಡಿಮೆಯಿಲ್ಲದ ದಂಡವೂ ವಿಧಿಸಲ್ಪಟ್ಟಿವೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯಲೆಂದು ಬೆನ್ನಟ್ಟುವುದು, ಉರುಲು ಒಡ್ಡುವುದು, ಅದಕ್ಕೆ ಯತ್ನಿಸುವುದು ಕೂಡ ಬೇಟೆಯೇ. ಬೇಟೆಗೆ ಬಳಸಿದ ಗಾಡಿಯು ಸರಕಾರಕ್ಕೆ ಜಪ್ತಾಗುತ್ತದೆ. ಕಾಡುಹಂದಿಯನ್ನೂ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ.

ಹೀಗಿರಲು ಬೇಟೆಗೆಂದು ವರ್ಣಿಸಿದ ಬೈಕಿನ ಗುಣಗಳನ್ನು ರೈತನು ಕಾವಲಿಗೆ ತಿರುಗಿಸಿಕೊಳ್ಳಬಹುದು. ರಾತ್ರಿ ಎರಡು ಮೂರು ಸಲ ಹೊಲದ ಸುತ್ತ ತಿರುಗಲು ಪೆಟ್ರೋಲು ಸುಡಬೇಕಾಗಿಲ್ಲ. ಯಂತ್ರದ ಸದ್ದಿಲ್ಲದ ಕಾರಣ ಹಂದಿಯ ಗುಟುರು, ಬೆಳೆ ಮುರಿಯುವ ಸಪ್ಪಳ ದೂರದಿಂದಲೇ ಕಿವಿಗೆ ಬೀಳುತ್ತದೆ. ಪ್ರಖರವಾದ ದೀಪವೇ ಹಲವು ಸಲ ಪ್ರಾಣಿಗಳನ್ನು ಚದರಿಸುತ್ತದೆ. ಹಾನಿಯಾದಾಗ ಬೆಳೆಯ ಚಿತ್ರವನ್ನು ತೆಗೆದುಕೊಂಡು ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ತಡಮಾಡದೆ ಅರ್ಜಿ ಕೊಡತಕ್ಕದ್ದು.

ಕೊಳ್ಳುವ ಮುನ್ನ

ಅಂಗಡಿಯ ಮುಂದಿನ ಡಾಂಬರಿನಲ್ಲಿ ಎಲ್ಲ ಗಾಡಿಗಳೂ ಚೆನ್ನಾಗಿಯೇ ಓಡುತ್ತವೆ. ಮಳೆಯಾಗಿ ಮೂರು ನಾಲ್ಕು ದಿನ ಕಳೆದು ನೆಲವು ಆರಿಯೂ ಆರದಂತಿರುವಾಗ, ೫೦ ಕಿಲೋದ ಒಂದು ಚೀಲವನ್ನು ಹೇರಿ, ಗಾಡಿಯನ್ನು ಸ್ವಂತ ಹೊಲದ ಹಾದಿಯಲ್ಲಿಯೇ ನಡೆಸಿ ನೋಡಬೇಕು. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಇಳಿಜಾರಿನಲ್ಲಿ ಬ್ರೇಕು ಹಿಡಿಯಬೇಕು. ಮಣ್ಣು ಎಲ್ಲಿ ತುಂಬುತ್ತದೆಂದು ಗಾಲಿಯನ್ನು ಪರೀಕ್ಷಿಸಬೇಕು. ಹೋಗಿ ಬಂದ ಮೇಲೆ ಬ್ಯಾಟರಿ ಎಷ್ಟು ಇಳಿದಿದೆಯೆಂದು ಬರೆದುಕೊಳ್ಳಬೇಕು. ಇಷ್ಟಕ್ಕೆ ಒಪ್ಪದ ಮಾರಾಟಗಾರನಿಗಿಂತ ಒಪ್ಪುವವನನ್ನು ಹುಡುಕುವುದೇ ಮೇಲು.

ಎತ್ತನ್ನು ಕೊಳ್ಳುವಾಗ ರೈತನು ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ವಿದ್ಯುತ್ ಬೈಕಿಗೂ ಅದೇ ಪರೀಕ್ಷೆ ಸಲ್ಲತಕ್ಕದ್ದು.